ಹೆಸರು ಯಾರದು, ಖಾರ ಯಾರದು?

ಚಳಿ ಕಡಿಮಿ ಆಗಿ ಬಿಸಿಲು ಏರಾಕ ಹತ್ತಿತಂದ್ರ ನಮ್ಮ ಕಡೆ ಹೆಣ್ಣುಮಕ್ಕಳಿಗೆ ವರ್ಷದ ಖಾರದ ಚಿಂತಿ ಶುರು. ಬೆಂಗಳೂರಾಗಿನ ಅಕ್ಕ, ಪುಣೆದಾಗಿನ ವೈನಿ, ಎಲ್ಲಾರೂ ಫೋನ್ ಮಾಡಿ ಹೇಳೂದು ಒಂದ ಮಾತು: "ನೀ ಅಲ್ಲೇ ಅದೀಯಲ್ಲ, ಖರೇ ಬ್ಯಾಡಗಿದು ನೋಡಿ ಕಳಸು." ಈ 'ಖರೇ' ಅನ್ನೂ ಮಾತು ನಮ್ಮವ್ವನ ಬಾಯಾಗ ಇರಲಿಲ್ಲ. ಈಗ ಯಾಕ ಬಂತು ಅಂತ ಬರೀಬೇಕನಿಸ್ತು.

ಮೊದಲು ಕಾಯಿ ಗುರ್ತು ಹೇಳ್ತೀನ್ರಿ. ಬ್ಯಾಡಗಿಯೊಳಗ ಕಡ್ಡಿ, ಡಬ್ಬಿ ಅಂತ ಎರಡು. ಕಡ್ಡಿ ಉದ್ದಕ, ತೆಳ್ಳಗ, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ಸ್ವಲ್ಪ ಉಬ್ಬಿದ್ದು. ಎರಡಕ್ಕೂ ಬಣ್ಣ ಭಾಳ, ಖಾರ ಕಡಿಮಿ. ಅದಕ್ಕ ನಮ್ಮ ಎಣಗಾಯಿ ಕೆಂಪಗ ಕಂಡ್ರೂ ಬಾಯಿ ಉರಿಯೂದಿಲ್ಲ. ಈ ಬಣ್ಣದ ಸತ್ವ ತಗದು ಲಿಪ್‌ಸ್ಟಿಕ್ಕಿಗೂ ಹಾಕ್ತಾರ. ಗುಂಟೂರು ಕಡೆ ಕಾಯಿ ಸಿಪ್ಪಿ ನುಣ್ಣಗ, ಖಾರ ಜಾಸ್ತಿ. ಅದೇನು ಕೆಟ್ಟದ್ದಲ್ಲ. ತನ್ನ ಹೆಸರಿನಾಗ ಮಾರಿದ್ರ ಯಾರದೂ ತಕರಾರಿಲ್ಲ.

ತಕರಾರು ಬರೂದು ಹೆಸರು ಬದಲಾದಾಗ. ಬ್ಯಾಡಗಿ ಎಪಿಎಂಸಿಯೊಳಗ ಸೋಮವಾರ, ಗುರುವಾರ ಟೆಂಡರ್. ಅಲ್ಲಿಗೆ ಬಳ್ಳಾರಿ, ರಾಯಚೂರು, ಆಂಧ್ರ, ತೆಲಂಗಾಣದಿಂದನೂ ಲೋಡುಗಟ್ಟಲೆ ಮಾಲು ಬರ್ತೈತಿ. ಬ್ಯಾಡಗಿಯೊಳಗ ಮಾರಿದ್ದೆಲ್ಲಾ ಬ್ಯಾಡಗಿ ಕಾಯಿ ಅಲ್ಲ. ಆದ್ರ ಅಲ್ಲಿಂದ ಹೊರಬಿದ್ದ ಚೀಲಕ್ಕ ದೂರದೂರಾಗ ಯಾರರ 'ಬ್ಯಾಡಗಿ' ಅಂತ ಚೀಟಿ ಹಚ್ಚಿದ್ರ ಕೇಳಾವ್ರು ಯಾರು? ಅದಕ್ಕಂತನ 2011ರಾಗ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ, ಅಂದ್ರ ಜಿಐ ಟ್ಯಾಗ್ ಬಂತು. ಸುಳ್ಳು ಹೆಸರು ಹಚ್ಚಿದ್ರ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು, 50 ಸಾವಿರದಿಂದ 2 ಲಕ್ಷದ ತನಕ ದಂಡ ಅಂತ ಕಾಯ್ದೆದಾಗ ಐತಿ.

ಇದೆಲ್ಲಾ ನನಗ ತಿಳದದ್ದು ನಮ್ಮ ನೆಗೆಣ್ಣಿ ದೆಸೆಯಿಂದ. ಆಕಿ ಸಂಘದ ಸಾಲ ತಗೊಂಡು ಮನಿಯಾಗ ಖಾರಪುಡಿ ಮಾಡಿ, ಹಳದಿ ಪಾಕೀಟಿನಾಗ ತನ್ನ ಮಗಳ ಹೆಸರು ಹಾಕಿ ಮಾರ್ತಾಳ. ಹೋದ ವರ್ಷ ಹಳೇ ಗಿರಾಕಿಯೊಬ್ರು ಬಂದು, "ಏನವಾ, ನಿನ್ನ ಖಾರ ಈ ಸಲ ಹೊಟ್ಟಿ ಸುಡತೈತಿ" ಅಂದ್ರು. ಪಾಕೀಟು ನೋಡಿದ್ರ ಅದ ಹಳದಿ, ಅದ ಚಿತ್ರ, ಹೆಸರಿನಾಗ ಒಂದ ಅಕ್ಷರ ಬ್ಯಾರೆ. ಆಕಿ ಅವತ್ತು ಊಟ ಮಾಡಲಿಲ್ಲ. "ರೊಕ್ಕ ಹೋದ್ರ ದುಡೀಬಹುದು, ಹೆಸರು ಹೋದ್ರ ಯಾರ ಮನಿಗೆ ಹೋಗಿ ತರ್ಲಿ" ಅಂದ್ಲು.

ಆಮ್ಯಾಲೆ ಒಬ್ಬ ವಕೀಲ್ರು ತಿಳಿಸಿ ಹೇಳಿದ್ರು. 'ಬ್ಯಾಡಗಿ' ಅನ್ನೂದು ಊರಿನ ಹೆಸರು, ಬೆಳೆಯಾವ್ರೆಲ್ಲರ ಆಸ್ತಿ. ಅದನ್ನ ಒಬ್ರು ತಮ್ಮ ಸ್ವಂತದ್ದು ಅನ್ನಾಕ ಬರೂದಿಲ್ಲ. ಮಗಳ ಹೆಸರು, ಆ ಚಿತ್ರ ನಿನ್ನವು. ಅವಕ್ಕ ಟ್ರೇಡ್‌ಮಾರ್ಕ್ ಮಾಡಸು. ಖಾರಪುಡಿ, ಮಸಾಲಿ ಬರೂದು 30ನೇ ವರ್ಗದಾಗ. ಒಬ್ಬೊಬ್ರು ಮಾಡೂ ಸಣ್ಣ ಉದ್ಯೋಗಕ್ಕ ಆನ್‌ಲೈನ್‌ದಾಗ ಅರ್ಜಿ ಫೀ 4,500 ರೂಪಾಯಿ. ಅರ್ಜಿ ಹಾಕಿದ ಮ್ಯಾಲೆ ಹೆಸರಿನ ಮುಂದ 'ಟಿಎಂ' ಬರೀಬಹುದು. ನೋಂದಣಿ ಆದ್ರ ಹತ್ತು ವರ್ಷ ನಡೀತೈತಿ, ಮತ್ತ ನವೀಕರಣ ಮಾಡಿಸ್ಕೋಬಹುದು. ಆಕಿ ಅರ್ಜಿ ಹಾಕಿದ್ಲು, ವಕೀಲ್ರು ಅಂಗಡಿಗೆ ನೋಟಿಸ್ ಕಳಿಸಿದ್ರು. ಅಂಗಡಿಯವ್ರು ಆ ಪಾಕೀಟು ತಗದಿಟ್ರು. ಆದ್ರ ಬಿಟ್ಟು ಹೋದ ಗಿರಾಕಿಗಳೊಳಗ ಅರ್ಧ ಮಂದಿ ಇನ್ನೂ ತಿರುಗಿ ಬಂದಿಲ್ಲ.

ದೊಡ್ಡವ್ರದೂ ಇದ ಪಾಡು. ಮೈಸೂರು ಸಿಲ್ಕಿನ ಹೆಸರಿಗೂ ಜಿಐ ಐತಿ. ನಕಲಿ ಕಾಟಕ್ಕ ಕೆಎಸ್‌ಐಸಿಯವ್ರು ತಮ್ಮ ಸೀರಿಗೆ ಒಂದೊಂದಕ್ಕೂ ಬ್ಯಾರೆ ನಂಬರ್, ಹೊಲೋಗ್ರಾಮ್ ಹಾಕ್ತಾರ. ಸೀರಿ ನಕಲಿ ಆದ್ರ ರೊಕ್ಕಷ್ಟ ಹೋಗ್ತೈತಿ, ಖಾರಪುಡಿ ಹೊಟ್ಟಿಗೆ ಹೋಗ್ತೈತಿ. 2005ರಾಗ ಬ್ರಿಟನ್ನಿನಾಗ ಸುಡಾನ್ ಅನ್ನೂ ಬಣ್ಣ ಕಲಸಿದ ಖಾರಪುಡಿ ಸಿಕ್ಕು, ನಾಕನೂರಕ್ಕೂ ಹೆಚ್ಚು ತಿನಿಸು ಅಂಗಡಿಯಿಂದ ವಾಪಸ್ ತಗದ್ರು. ಆ ಬಣ್ಣ ಊಟದಾಗ ನಿಷೇಧ.

ಮನಿಯಾಗ ನೋಡೂದು ಹೆಂಗಂದ್ರ, ಗ್ಲಾಸಿನ ನೀರಿನ ಮ್ಯಾಲೆ ಚಿಟಿಕಿ ಖಾರ ಉದರಸ್ರಿ. ಬಣ್ಣ ಗೆರಿಗೆರಿ ಆಗಿ ಕೆಳಗಿಳಿದ್ರ ನೀರಾಗ ಕರಗೂ ಬಣ್ಣ ಹಾಕ್ಯಾರ ಅನ್ರಿ. ತಳದಾಗ ಕುಂತದ್ದನ್ನ ಬೆರಳಲೆ ತಿಕ್ಕಿದ್ರ ಇಟ್ಟಂಗಿ ಪುಡಿ ಗರಗರ ಅಂತೈತಿ. ಆದ್ರ ಸುಡಾನ್ ಬಣ್ಣ ನೀರಾಗ ಬಿಡೂದಿಲ್ಲ, ಎಣ್ಣಿಯಾಗ ಬಿಡತೈತಿ. ಖರೇ ಮೆಣಸಿನಕಾಯಿ ಬಣ್ಣನೂ ಎಣ್ಣಿಯಾಗ ಬಿಡತೈತಿ! ಅದಕ್ಕ ಒಗ್ಗರಣಿ ಕೆಂಪಾತು ಅಂತ ನಂಬಬ್ಯಾಡ್ರಿ, ಅದನ್ನ ಲ್ಯಾಬಿನಾಗ ನೋಡಬೇಕು.

ಆದಷ್ಟು ಇಡೀ ಕಾಯಿ ತಗೊಂಡು, ಬಿಸಲಾಗ ಹಾಕಿ, ತೊಟ್ಟು ಬಿಡಿಸಿ, ಗಿರಣಿ ಮುಂದ ನಿಂತು ಬೀಸಿಸ್ಕೊಂಡು ಬರ್ರಿ. ಪುಡಿನ ತಗೋಳೂದಾದ್ರ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ನೋಡ್ರಿ, ಬಿಲ್ ಇಟ್ಕೋರಿ. ರುಚಿ ಬ್ಯಾರೆ ಅನಿಸಿದ್ರ ಮಾಡಿದಾಕಿನ ಬೈಯೂಕಿಂತ ಮೊದಲು ಪಾಕೀಟಿನ ಮ್ಯಾಲಿನ ಹೆಸರು ಒಂದೊಂದ ಅಕ್ಷರ ಕೂಡಿಸಿ ಓದ್ರಿ. ಎಷ್ಟೋ ಸಲ ತಪ್ಪು ಆಕಿದಿರೂದಿಲ್ಲ.