ತುತೂರಿಯ ಬಳಗದಲ್ಲಿ ಕಲಿತ ಪಾಠ

ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಶಾಲೆಯ ಅಭಿವೃದ್ಧಿ, ಪರೀಕ್ಷಾ ಫಲಿತಾಂಶ, ಕಟ್ಟಡದ ದುರಸ್ತಿ ಇವೆಲ್ಲವನ್ನೂ ವಾರ್ಷಿಕ ವರದಿಯಲ್ಲಿ ಹೇಳಿಯಾಗಿರುವಾಗ ಇನ್ನೇನನ್ನು ಬರೆಯುವುದೆಂದು ನಾವು ಯೋಚಿಸಿದೆವು. ಆದರೆ ವರದಿಯಲ್ಲಿ ಸೇರದ ಒಂದು ಸಂಗತಿಯ ವಿಷಯವಾಗಿ ಪೋಷಕರಲ್ಲಿ ಕೆಲವರಿಗೆ ಕುತೂಹಲವಿರುವುದು ನಮಗೆ ತಿಳಿದಿದೆ. ಬುಧವಾರ ಸಂಜೆ ಶಾಲೆಯ ಪಕ್ಕದ ದೇವಾಲಯದ ಹಿಂಭಾಗದಿಂದ ಕೇಳಿ ಬರುವ ಶಬ್ದವೇನೆಂದು ಒಬ್ಬ ತಾಯಿಯವರು ನಮ್ಮನ್ನೇ ವಿಚಾರಿಸಿದರು. ಹಾಸ್ಟೆಲಿನಲ್ಲಿ ಹಸು ಸಾಕಿರುವರೆಂದೂ, ಕರುವನ್ನು ಅಗಲಿಸಿದ್ದರಿಂದ ಅದು ಕೂಗುತ್ತಿರುವುದೆಂದೂ ಅವರು ತಿಳಿದಿದ್ದರಂತೆ. ಅದು ಹಸುವಲ್ಲ, ನಾವೇ ಎಂದು ಒಪ್ಪಿಕೊಳ್ಳುವುದು ಒಬ್ಬ ಮುಖ್ಯೋಪಾಧ್ಯಾಯಿನಿಗೆ ಸುಲಭವಾದ ಮಾತಲ್ಲ. ಆ ದಿನ ಒಪ್ಪಿಕೊಳ್ಳಲಿಲ್ಲ. ಈ ದಿನ ಅಚ್ಚಿನಲ್ಲಿಯೇ ಒಪ್ಪಿಕೊಳ್ಳುತ್ತಿದ್ದೇವೆ.

ಮೂರು ವರ್ಷಗಳ ಹಿಂದೆ ಸಂಗೀತದ ಕೊಠಡಿಯ ಕಪಾಟನ್ನು ಬರಿದು ಮಾಡಿಸುವಾಗ, ಹಳೆಯ ಡ್ರಿಲ್ ಬಾವುಟಗಳ ಕೆಳಗೆ ಒಂದು ಟ್ರಂಪೆಟ್ ಸಿಕ್ಕಿತು. ಅದಕ್ಕೆ ಕಿಲುಬು ಹತ್ತಿತ್ತು. ಒತ್ತುವ ವಾಲ್ವುಗಳು ಮೂರೂ ಕಚ್ಚಿಕೊಂಡು ಅಲುಗದೆ ಇದ್ದವು. ನಮ್ಮ ದೇವಾಲಯದ ವಾದ್ಯ ಬಳಗದ ಹಿರಿಯರಾದ ನಿವೃತ್ತ ಪೋಸ್ಟ್ ಮಾಸ್ತರರ ಬಳಿಗೆ ಅದನ್ನು ಕಳುಹಿಸಿದೆವು. ಅವರು ಮರುದಿನ ತಾವೇ ಬಂದು, “ತೊಳೆದು ಕೊಡುವುದು ಸುಲಭ ಟೀಚರ್. ಆದರೆ ಊದದೆ ಇಟ್ಟರೆ ಪುನಃ ಹೀಗೆಯೇ ಆಗುತ್ತದೆ. ಊದುವವರು ಯಾರು?” ಎಂದರು. ಶಾಲೆಯಲ್ಲಿ ಅಂಥವರು ಯಾರೂ ಇರಲಿಲ್ಲ. ಉತ್ತರವಿಲ್ಲದೆ ನಿಲ್ಲುವುದು ನಮಗೆ ಅಭ್ಯಾಸವಿಲ್ಲದ್ದರಿಂದ, ನಾವೇ ಊದುತ್ತೇವೆಂದು ಹೇಳಿಬಿಟ್ಟೆವು. ಆಗ ನಮಗೆ ನಲ್ವತ್ತಮೂರು ವರ್ಷ.

ಈ ಬಳಗದಲ್ಲಿ ನಮ್ಮನ್ನು ಸೇರಿಸಿ ಏಳು ಜನರು. ಪೋಸ್ಟ್ ಮಾಸ್ತರರು, ಒಬ್ಬ ದರ್ಜಿ, ಒಬ್ಬ ಬೇಕರಿಯವರು, ಬ್ಯಾಂಕಿನ ಗುಮಾಸ್ತರು, ಕಾಲೇಜಿನ ಪ್ರಯೋಗಶಾಲೆಯ ಸಹಾಯಕರು, ಮತ್ತು ವಿದ್ಯುತ್ ರಿಪೇರಿ ಮಾಡುವ ಒಬ್ಬ ಹುಡುಗ. ಯಾರಿಗೂ ಸಂಬಳವಿಲ್ಲ, ಹಬ್ಬದ ದಿನ ದೊರೆಯುವ ಕಾಫಿಯೇ ಸಂಭಾವನೆ. ಇಂಥ ಬಳಗಗಳಿಗೆ ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ‘ಪೊಸಾವ್ನೆನ್‌ಕೋರ್’ ಎಂಬ ಹೆಸರಿದೆ. ೧೮೪೦ರ ದಶಕದಲ್ಲಿ ವೆಸ್ಟ್‌ಫಾಲಿಯದ ಹಳ್ಳಿಗಳಲ್ಲಿ ರೈತರೂ ಕೈಕಸಬಿನವರೂ ಕೂಡಿ ಇವುಗಳನ್ನು ಕಟ್ಟಿಕೊಂಡರು. ಟ್ರಂಪೆಟ್ ಊದುವವರು ಸಾಮಾನ್ಯವಾಗಿ ತಮ್ಮ ವಾದ್ಯಕ್ಕೆಂದು ಬೇರೆ ಶ್ರುತಿಯಲ್ಲಿ ಬರೆದ ಸ್ವರಗಳನ್ನು ಓದುವರು. ಆದರೆ ಯೋಹಾನ್ನೆಸ್ ಕೂಲೋ (೧೮೫೬–೧೯೪೧) ಎಂಬ ಸಭಾಪಾಲಕರು, ಹಾಡುವವರೂ ಊದುವವರೂ ಒಂದೇ ಪುಸ್ತಕವನ್ನು ನೋಡಿಕೊಳ್ಳುವಂಥ ಪದ್ಧತಿಯನ್ನು ಅಲ್ಲಿ ಬಳಕೆಗೆ ತಂದರು. ೨೦೧೬ರಲ್ಲಿ ಜರ್ಮನಿಯು ಈ ಬಳಗಗಳನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದ ತರುವಾಯ ನಮ್ಮ ಕನ್ನಡ ಸಭೆಗಳಲ್ಲಿ ರೂಢಿಗೆ ಬಂದ ಗೀತೆಗಳಲ್ಲಿ ಅನೇಕಕ್ಕೆ ಆ ನಾಡಿನ ರಾಗಗಳೇ ಇರುವುದರಿಂದ, ಅಲ್ಲಿಯ ರೈತನೂ ಇಲ್ಲಿಯ ನಮ್ಮ ದರ್ಜಿಯೂ ಎಷ್ಟೋ ಸಲ ಒಂದೇ ರಾಗವನ್ನು ಊದುವರು.

ಈ ವಾದ್ಯದ ಸ್ವಭಾವವನ್ನು ಸ್ವಲ್ಪ ತಿಳಿಸದಿದ್ದರೆ ಮುಂದಿನ ಮಾತು ಅರ್ಥವಾಗದು. ಸಾಧಾರಣ ಟ್ರಂಪೆಟಿನ ಸುರುಳಿಯನ್ನು ಬಿಡಿಸಿ ನೆಟ್ಟಗೆ ಮಾಡಿದರೆ ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆಯಾಗುವುದು. ಬರಿದೆ ಗಾಳಿಯನ್ನು ಊದಿದರೆ ಅದರಲ್ಲಿ ನಾದ ಹುಟ್ಟದು. ಕೂಡಿಸಿದ ತುಟಿಗಳು ದುಂಬಿಯಂತೆ ಝೇಂಕರಿಸಬೇಕು. ನಡುವಣ ವಾಲ್ವನ್ನು ಒತ್ತಿದರೆ ನಾದವು ಅರ್ಧ ಸ್ವರ, ಮೊದಲನೆಯದನ್ನು ಒತ್ತಿದರೆ ಒಂದು ಸ್ವರ, ಮೂರನೆಯದನ್ನು ಒತ್ತಿದರೆ ಒಂದೂವರೆ ಸ್ವರದಷ್ಟು ಇಳಿಯುವುದು. ಈ ವಾಲ್ವಿಗೆ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ೧೮೧೮ರಲ್ಲಿ ಪ್ರಶ್ಯ ದೇಶದಲ್ಲಿ ಹಕ್ಕುಪತ್ರವನ್ನು ಪಡೆದರು. ಹಾರ್ಮೋನಿಯಮ್ಮಿನಲ್ಲಿ ಒಂದು ಮನೆಯನ್ನು ಒತ್ತಿದರೆ ಒಂದೇ ಸ್ವರ ಬರುವುದಷ್ಟೇ. ಇಲ್ಲಿ ಹಾಗಲ್ಲ. ಬೆರಳುಗಳು ಇದ್ದ ಹಾಗೆಯೇ ಇರುವಾಗ ತುಟಿಯೂ ಉಸಿರೂ ಬದಲಾದಂತೆ ಹಲವು ಸ್ವರಗಳು ಬರುವುವು. ಮೇಲೆ ಹೋದಷ್ಟೂ ಅವು ಕಿರಿದಾದ ಮೆಟ್ಟಿಲುಗಳಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ, ಒಂದರ ಮೇಲೆ ಇಡಬೇಕೆಂದ ಕಾಲು ಇನ್ನೊಂದರ ಮೇಲೆ ಜಾರುವುದು. ಇದನ್ನೇ ಊದುವವರು ‘ಸ್ವರ ಒಡೆಯಿತು’ ಎನ್ನುವರು. ಮೆಲ್ಲಗೆ ತಪ್ಪು ಮಾಡುವ ಸೌಕರ್ಯ ಈ ವಾದ್ಯದಲ್ಲಿಲ್ಲ; ಇದರ ತಪ್ಪು ಊರಿಗೆಲ್ಲಾ ಕೇಳುವುದು.

ಆದುದರಿಂದಲೇ ಇವರ ನಡುವೆ ಹಾಸ್ಯಕ್ಕೆ ಕೊರತೆಯಿಲ್ಲ. ಬ್ಯಾಂಕಿನ ಗುಮಾಸ್ತರ ಪೆಟ್ಟಿಗೆಯಲ್ಲಿ ನಾಲ್ಕು ಮೌತ್‌ಪೀಸುಗಳಿವೆ. ಮೇಲಿನ ಸ್ವರ ಬಾರದಿದ್ದರೆ ಅವರು ಒಂದನ್ನು ತೆಗೆದು ಇನ್ನೊಂದನ್ನು ಸಿಕ್ಕಿಸುವರು. “ಹಿಟ್ಟು ಉಬ್ಬದಿದ್ದರೆ ಒಲೆ ಬದಲಾಯಿಸಿ ಫಲವೇನು ಸ್ವಾಮಿ?” ಎಂದು ಬೇಕರಿಯವರು ಕೇಳಿದರೆ, “ನಿಮ್ಮ ಬನ್ನು ಉಬ್ಬುವುದಕ್ಕಿಂತ ನಿಮ್ಮ ಕೆನ್ನೆಯೇ ಹೆಚ್ಚು ಉಬ್ಬುತ್ತದಲ್ಲಾ” ಎಂದು ಗುಮಾಸ್ತರು ತಿರುಗಿಸುವರು. ಕೆನ್ನೆ ಉಬ್ಬಿಸಬಾರದೆಂಬುದು ಈ ವಿದ್ಯೆಯ ಮೊದಲನೆಯ ಪಾಠ. ಅಮೆರಿಕದ ಡಿಜ್ಜಿ ಗಿಲೆಸ್ಪಿ (೧೯೧೭–೧೯೯೩) ಎಂಬ ಮಹಾವಾದಕರು ಕಪ್ಪೆಯ ಗಂಟಲಿನಂತೆ ಕೆನ್ನೆಯುಬ್ಬಿಸಿ ಲೋಕಪ್ರಸಿದ್ಧರಾದರೆಂಬುದು ಬೇಕರಿಯವರ ಖಾಯಂ ವಾದ. ೧೯೫೩ರಲ್ಲಿ ಯಾರೋ ಅವರ ವಾದ್ಯದ ಮೇಲೆ ಬಿದ್ದು ಅದರ ಬಾಯಿ ಮೇಲಕ್ಕೆ ಬಾಗಿತಂತೆ. ಆ ನಾದವೇ ಹಿತವಾಗಿ ಕೇಳಿಸಿದ್ದರಿಂದ ಮುಂದೆ ಅವರು ಹಾಗೆಯೇ ಮಾಡಿಸಿಕೊಂಡರು. ವಿದ್ಯುತ್ತಿನ ಹುಡುಗನು ತನ್ನ ಟ್ರಂಪೆಟನ್ನು ಬೈಸಿಕಲ್ಲಿನಿಂದ ಬೀಳಿಸಿ ನೆಗ್ಗಿಸಿಕೊಂಡು ಅಳುಮುಖದಿಂದ ಬಂದ ದಿನ, ದರ್ಜಿಯವರು ಈ ಕಥೆಯನ್ನು ಹೇಳಿ, “ಅರ್ಧ ಗಿಲೆಸ್ಪಿ ಆದೆಯಲ್ಲಾ ತಮ್ಮಾ, ಇನ್ನು ಊದುವುದೊಂದು ಬಾಕಿ” ಎಂದು ಅವನನ್ನು ನಗಿಸಿದರು. ನಗಿಸಿದ ಮೇಲೆ, ನೆಗ್ಗನ್ನು ಸರಿಮಾಡುವವರ ಅಂಗಡಿಗೆ ತಾವೇ ಅವನೊಡನೆ ಹೋದರು.

ಹೀಗೆ ನಗುತ್ತಾ ಕೊಟ್ಟ ಬುದ್ಧಿವಾದದಿಂದಲೇ ನಾವು ಕಲಿತೆವು. ವಾದ್ಯವನ್ನು ತುಟಿಗೆ ಒತ್ತಿ ಹಿಡಿದರೆ ಮೇಲಿನ ಸ್ವರ ಒಂದು ಗಳಿಗೆ ಬಂದೀತು, ಆಮೇಲೆ ತುಟಿ ಮರಗಟ್ಟುವುದು. ಎಷ್ಟು ಹೊತ್ತು ಊದುವೆವೋ ಅಷ್ಟು ಹೊತ್ತು ವಿಶ್ರಮಿಸಬೇಕು. ಕೊಳವೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಬಿಸಿನೀರು ಮೇಲಣ ಮೆರುಗನ್ನು ಕಿತ್ತುಬಿಡುವುದು. ಸಿಕ್ಕಿಕೊಂಡ ಮೌತ್‌ಪೀಸನ್ನು ಇಕ್ಕಳದಿಂದ ಎಳೆಯಬಾರದು. ಪ್ಯಾರಿಸಿನ ಆರ್ಬಾನ್ ಎಂಬ ಗುರುಗಳು ೧೮೬೪ರಲ್ಲಿ ಪ್ರಕಟಿಸಿದ ಅಭ್ಯಾಸ ಗ್ರಂಥವು ಈಗಲೂ ವಾದಕರ ಕೈಪಿಡಿ. ಅದನ್ನು ಒಂದೇ ವರ್ಷದಲ್ಲಿ ಮುಗಿಸುವೆವೆಂದು ನಾವು ವೇಳಾಪಟ್ಟಿಯನ್ನು ಬರೆದುಕೊಂಡು ಹೋದಾಗ, ಪೋಸ್ಟ್ ಮಾಸ್ತರರು ಅದನ್ನು ಓದಿ, ಮಡಿಚಿ, ಹಿಂದಕ್ಕೆ ಕೊಟ್ಟು, “ಪುಸ್ತಕ ದಪ್ಪ, ತುಟಿ ತೆಳುವು ಟೀಚರ್. ದಿನಕ್ಕೆ ಅರ್ಧ ಪುಟ ಸಾಕು” ಎಂದರು.

ಬಳಗದಲ್ಲಿ ಬರೆದಿಡದ ಒಂದು ನಿಯಮವಿದೆ. ಹಾಸ್ಯ ಮಾಡಿದವನು ಉಪಾಯವನ್ನು ಹೇಳಬೇಕು. ಉಪಾಯ ಹೇಳಿದವನು ಅದನ್ನು ತಾನೇ ಊದಿ ತೋರಿಸಬೇಕು. ಊದಿ ತೋರಿಸುವಾಗ ಅವನ ಸ್ವರವೂ ಒಡೆಯುವುದುಂಟು. ಆಗ ನಗು ಅವನ ಪಾಲಿಗೆ. ಆದುದರಿಂದ ಇಲ್ಲಿ ಯಾರ ನಗುವೂ ಯಾರನ್ನೂ ಕೆಳಕ್ಕೆ ನೂಕುವುದಿಲ್ಲ.

ಈ ನಿಯಮದ ಬೆಲೆ ನಮಗೆ ತಿಳಿದದ್ದು ಕಳೆದ ವರ್ಷದ ಪುನರುತ್ಥಾನದ ಹಬ್ಬದಂದು. ಸೂರ್ಯೋದಯಕ್ಕೆ ಮುಂಚೆ ಸಮಾಧಿ ಭೂಮಿಯಲ್ಲಿ ಆರಾಧನೆ. ಸಭೆಯೆಲ್ಲಾ ಮೌನವಾಗಿ ನಿಂತಿತ್ತು. ಮೊದಲನೆಯ ಗೀತೆಯ ಮೊದಲನೆಯ ಸ್ವರವನ್ನು ಒಬ್ಬರೇ ಊದಬೇಕು, ಆ ಒಬ್ಬರು ನಾವು. ಎದುರಿನಲ್ಲಿ ನಮ್ಮ ಹಾಸ್ಟೆಲಿನ ಹುಡುಗಿಯರು ಸಾಲಾಗಿ ನಿಂತಿದ್ದರು. ಊದಿದೆವು. ಸ್ವರ ಒಡೆದು, ಕಿರುಚಿ, ನಿಂತುಹೋಯಿತು. ಮರದ ಮೇಲಿದ್ದ ಕಾಗೆಗಳು ಎದ್ದು ಹಾರಿದವು. ಆ ಒಂದು ಕ್ಷಣ ಯಾರೂ ಅಲುಗಾಡಲಿಲ್ಲ. ಆಮೇಲೆ ನಮ್ಮ ಬಲಗಡೆಯಿಂದ ಪೋಸ್ಟ್ ಮಾಸ್ತರರ ಸ್ವರ ಮೆಲ್ಲಗೆ ಎದ್ದಿತು. ನಾವೂ ಅದರೊಳಗೆ ಸೇರಿಕೊಂಡೆವು.

ಆರಾಧನೆ ಮುಗಿದು ಕಾಫಿಗೆ ಕುಳಿತಾಗ ನಾವು ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದರ್ಜಿಯವರು ಗಂಭೀರವಾಗಿ, “ಟೀಚರ್, ಸಮಾಧಿಯ ಕಲ್ಲು ಉರುಳಿದಾಗ ಶಬ್ದವೇನೂ ಆಗಲಿಲ್ಲವೆಂದು ನಾನು ಇಷ್ಟು ದಿನ ತಿಳಿದಿದ್ದೆ” ಎಂದರು. ಸಭಾಪಾಲಕರೇ ಮೊದಲು ನಕ್ಕರು. ನಗು ಇಳಿದ ಮೇಲೆ ದರ್ಜಿಯವರು ನಿಯಮದಂತೆ ಉಪಾಯವನ್ನು ಹೇಳಿದರು. ನಸುಕಿನ ತಂಪಿಗೆ ಲೋಹ ತಣ್ಣಗಾಗಿ ಶ್ರುತಿ ಇಳಿಯುವುದು. ಮೊದಲು ಸದ್ದಿಲ್ಲದೆ ಬೆಚ್ಚನೆಯ ಉಸಿರನ್ನು ಕೊಳವೆಯಲ್ಲಿ ಹಾಯಿಸಬೇಕು. ಊದುವ ಸ್ವರವನ್ನು ಮನಸ್ಸಿನಲ್ಲಿ ಹಾಡಿಕೊಳ್ಳಬೇಕು. ಹೆದರಿಕೆಯಿಂದ ಉಸಿರನ್ನು ಕಟ್ಟಿ ನಿಲ್ಲಬಾರದು. ಹೇಳಿದವರು ಎದ್ದು ಹೋಗಿ ಅಂಗಳದಲ್ಲಿ ಅದನ್ನು ಊದಿಯೂ ತೋರಿಸಿದರು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಒಡೆದ ಸ್ವರ ಅದಕ್ಕೆ ಕಾರಣವಲ್ಲ. ಆ ಸ್ವರದೊಡನೆ ಎದ್ದು ಬಂದ ಇನ್ನೊಂದು ಸ್ವರ. ಹಲವು ವರ್ಷಗಳ ಹಿಂದೆ ನಾವು ಇನ್ನೂ ಸಹಾಯಕ ಉಪಾಧ್ಯಾಯಿನಿಯಾಗಿದ್ದಾಗ, ಕ್ರೀಡೋತ್ಸವದ ದಿನ ಬ್ಯೂಗಲ್ ಊದಲು ಎಂಟನೆಯ ತರಗತಿಯ ಒಬ್ಬ ಹುಡುಗಿಯನ್ನು ನೇಮಿಸಿದ್ದೆವು. ಅತಿಥಿಗಳ ಎದುರಿಗೆ ಅವಳ ಸ್ವರ ಒಡೆಯಿತು. ಮರುದಿನ ಅವಳ ಕೈಯಿಂದ ಬ್ಯೂಗಲನ್ನು ತೆಗೆದುಕೊಂಡು, “ನಿನ್ನಿಂದ ಇದು ಆಗದು” ಎಂದು ಹೇಳಿ, ಮತ್ತೊಬ್ಬಳ ಕೈಗೆ ಕೊಟ್ಟೆವು. ಅವಳು ಎದುರು ಮಾತಾಡಲಿಲ್ಲ. ನಾವು ಅದನ್ನು ಶಿಸ್ತೆಂದು ತಿಳಿದು ಮರೆತುಬಿಟ್ಟಿದ್ದೆವು. ಬ್ಯೂಗಲಿನಲ್ಲಿ ವಾಲ್ವುಗಳೇ ಇಲ್ಲ, ಸ್ವರಗಳೆಲ್ಲಾ ತುಟಿಯೊಂದರಿಂದಲೇ ಹುಟ್ಟಬೇಕು, ಹದಿಮೂರು ವರ್ಷದ ಹುಡುಗಿ ಹೆದರಿದಾಗ ಒಣಗುವುದು ಆ ತುಟಿಯೇ ಎಂಬುದನ್ನು ನಾವು ಆಗ ಅರಿತಿರಲಿಲ್ಲ. ಊದಿ ನೋಡದವರು ನ್ಯಾಯ ತೀರಿಸಿದ್ದೆವು.

ಅವಳು ಕಳೆದ ಜೂನ್ ತಿಂಗಳಲ್ಲಿ ತನ್ನ ಮಗಳನ್ನು ಸೇರಿಸಲು ನಮ್ಮ ಕಚೇರಿಗೆ ಬಂದಳು. ಫಾರಮುಗಳು ಮುಗಿದ ಮೇಲೆ ನಾವು ಆ ಸಂಗತಿಯನ್ನೆತ್ತಿ, ತಪ್ಪು ನಮ್ಮದೆಂದು ಹೇಳಿದೆವು. ಮರೆತಿರುವೆನೆಂದು ಅವಳು ಹೇಳುವಳೆಂದು ನಿರೀಕ್ಷಿಸಿದ್ದೆವೇನೋ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ತಪ್ಪಿದೆನೆಂದು ನೀವು ಹೇಳಿದಿರಿ ಟೀಚರ್. ಎಲ್ಲಿ ತಪ್ಪಿದೆನೆಂದು ಯಾರೂ ಹೇಳಲಿಲ್ಲ” ಎಂದಳು. ಇಷ್ಟು ವರ್ಷಗಳ ಸೇವೆಯಲ್ಲಿ ಇನ್‌ಸ್ಪೆಕ್ಟರುಗಳು ಬರೆದ ಯಾವ ಟಿಪ್ಪಣಿಯೂ ನಮಗೆ ಇಷ್ಟು ನಾಟಿದ್ದಿಲ್ಲ.

ಮುಂದಿನ ಉಪಾಧ್ಯಾಯಿನಿಯರ ಸಭೆಯಲ್ಲಿ ನಾವು ಆ ಬಳಗದ ನಿಯಮವನ್ನು ತಿಳಿಸಿ, ಇನ್ನು ಮುಂದೆ ಕೆಂಪು ಗೆರೆ ಎಳೆದ ಕಡೆಯಲ್ಲೆಲ್ಲಾ ಸರಿಯಾದ ದಾರಿಯನ್ನೂ ಒಂದು ಮಾತಿನಲ್ಲಿ ಬರೆಯಬೇಕೆಂದು ಕೇಳಿಕೊಂಡೆವು. ಇದರಿಂದ ತಿದ್ದುವ ಕೆಲಸ ಹೆಚ್ಚಾಯಿತೆಂದು ಕೆಲವರು ಆಕ್ಷೇಪಿಸಿದರು, ಅದು ನಿಜವೇ. ಬುಧವಾರ ಸಂಜೆ ಈಗ ಐದು ಮಂದಿ ಹುಡುಗಿಯರು ಬಳಗಕ್ಕೆ ಬರುವರು. ಹೆಣ್ಣುಮಕ್ಕಳಿಗೆ ತುತೂರಿ ಒಪ್ಪುವುದೇ ಎಂದು ಕೇಳಿದ ತಂದೆಯವರಿಗೆ ನಾವು ಪೈನಿ ವುಡ್ಸ್ ಶಾಲೆಯ ಸಂಗತಿಯನ್ನು ಹೇಳಿದೆವು. ಅಮೆರಿಕದ ಮಿಸಿಸಿಪಿಯಲ್ಲಿ ಬಡ ಕಪ್ಪು ಜನರ ಮಕ್ಕಳಿಗಾಗಿ ೧೯೦೯ರಲ್ಲಿ ಸ್ಥಾಪಿತವಾದ ಆ ಶಾಲೆಯಲ್ಲಿ, ಶಾಲೆಗೆ ಹಣ ಕೂಡಿಸುವುದಕ್ಕೆಂದು ೧೯೩೭ರಲ್ಲಿ ಬಾಲಕಿಯರ ವಾದ್ಯ ತಂಡವೊಂದು ಹುಟ್ಟಿತು. ಮುಂದೆ ಸ್ವತಂತ್ರವಾದ ಆ ತಂಡದವರು ೧೯೪೫ರಲ್ಲಿ ಯೂರೋಪಿಗೂ ಹೋಗಿ ಸೈನಿಕರೆದುರು ನುಡಿಸಿದರು. ಆ ತಂದೆಯವರು ಪೂರಾ ಒಪ್ಪಲಿಲ್ಲ. ಆದರೆ ಮಗಳನ್ನು ತಡೆಯಲೂ ಇಲ್ಲ.

ಆ ಐವರಲ್ಲಿ ಒಬ್ಬಳು ನಮ್ಮ ಹಳೆಯ ಬ್ಯೂಗಲಿನ ಹುಡುಗಿಯ ಮಗಳು. ತಾಯಿಯನ್ನೂ ಊದಬೇಕೆಂದು ಕರೆದೆವು. ತನ್ನ ಕಾಲ ಮುಗಿಯಿತೆಂದು ಅವಳು ತಲೆಯಾಡಿಸಿ, ಗೋಡೆಯ ಬದಿಯ ಬೆಂಚಿನ ಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುವಳು. ನಾವು ಒತ್ತಾಯ ಮಾಡಲಿಲ್ಲ. ಮಾಡುವ ಹಕ್ಕು ನಮಗಿಲ್ಲ. ಹೋದ ಬುಧವಾರ ಮಗಳ ಸ್ವರ ಮೂರು ಸಲ ಒಡೆಯಿತು. ಬೇಕರಿಯವರು ಏನೋ ಹಾಸ್ಯ ಮಾಡಿ, ಉಪಾಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೆಂಚಿನ ಕಡೆಯಿಂದ ಮಾತು ಬಂತು: “ತುಟಿಯ ಎರಡು ಮೂಲೆಗಳನ್ನು ಬಿಗಿ ಮಾಡು, ಮಗೂ. ನಡುವನ್ನು ಬಿಗಿ ಮಾಡಬೇಡ.”

ಎಲ್ಲರೂ ಆ ಕಡೆಗೆ ತಿರುಗಿದೆವು. ಪೋಸ್ಟ್ ಮಾಸ್ತರರು ತಮ್ಮ ವಾದ್ಯವನ್ನು ಒರಸಿ, ಎರಡೂ ಕೈಗಳಿಂದ ಅವಳ ಮುಂದೆ ಹಿಡಿದು, “ಉಪಾಯ ಹೇಳಿದವರು ಊದಿ ತೋರಿಸಬೇಕಮ್ಮಾ, ಇದು ನಮ್ಮ ಕಾನೂನು” ಎಂದರು. ಅವಳು ನಮ್ಮ ಮುಖವನ್ನು ನೋಡಿದಳು. ಆಮೇಲೆ ಚೀಲವನ್ನು ಕೆಳಗಿಟ್ಟು ಎದ್ದಳು.

ಹಳೆಯ ವಿದ್ಯಾರ್ಥಿನಿಯರಾದ ನಿಮ್ಮಲ್ಲಿ ಯಾರಿಗಾದರೂ ಈ ಶಾಲೆಯಲ್ಲಿ ಹೀಗೆ ಏನನ್ನಾದರೂ ಕೆಳಗಿಡಬೇಕಾಗಿ ಬಂದಿದ್ದರೆ, ಅದು ನಮ್ಮ ಮಾತಿನಿಂದಲೇ ಆಗಿದ್ದರೆ, ಒಂದು ಬುಧವಾರ ಸಂಜೆ ದಯಮಾಡಿ ಬನ್ನಿರಿ. ಐದೂವರೆ ಗಂಟೆಗೆ ಆರಂಭ. ದಾರಿ ತಿಳಿಯದಿದ್ದರೆ, ಕರುವನ್ನು ಅಗಲಿದ ಹಸುವಿನ ಶಬ್ದ ಬರುವ ಕಡೆಗೆ ನಡೆದರಾಯಿತು.