ಅಂಕ ಒಂದೇ, ಅಳತೆ ಯಾರದು?



ಮೆರಿಟ್ ಮೆರಿಟ್ ಅಂತ ನಮ್ಮ ಕಿವಿ ತೂತು ಮಾಡೋರು ಒಮ್ಮೆ ಅಮೆರಿಕದ ಲಿವರ್ ಕಸಿ ಪಟ್ಟಿ ನೋಡಬೇಕು. 2002ರಿಂದ ಅಲ್ಲಿ ವಯಸ್ಕರಿಗೆ ‘ಮೆಲ್ಡ್’ ಅನ್ನೋ ಅಂಕ, 6ರಿಂದ 40ರವರೆಗೆ. ರಕ್ತ ಪರೀಕ್ಷೆಯಿಂದ ಲೆಕ್ಕ ಹಾಕ್ತಾರೆ. ಮೂರು ತಿಂಗಳೊಳಗೆ ಸಾಯೋ ಅಪಾಯ ಹೆಚ್ಚಿದ್ದವರಿಗೆ ಹೆಚ್ಚು ಅಂಕ. ದುಡ್ಡು, ಬಣ್ಣ ಈ ಲೆಕ್ಕದೊಳಗೆ ಬರಲ್ಲ. (ಪಟ್ಟಿಗೆ ಸೇರೋಕೇ ಇನ್ಶೂರೆನ್ಸ್ ಬೇಕು, ಅದು ಬೇರೆ ಕಥೆ.)

ಆದ್ರೆ ರಕ್ತದಲ್ಲಿ ಕಾಣದ ಕಾಯಿಲೆಗಳೂ ಇವೆ. ಲಿವರ್ ಕ್ಯಾನ್ಸರ್ ಇದ್ದವರ ರಿಪೋರ್ಟ್ ಚೆನ್ನಾಗೇ ಇರಬಹುದು, ಗಡ್ಡೆ ಮಾತ್ರ ಬೆಳೀತಿರುತ್ತೆ. ಅಂಥವರಿಗೆ ವಿನಾಯಿತಿ ಅಂಕ. ಮೊದಲು ಇದನ್ನ 11 ವಲಯಗಳ ಬೇರೆ ಬೇರೆ ಸಮಿತಿಗಳು ತೀರ್ಮಾನಿಸ್ತಿದ್ವು. ಒಂದೇ ಕಾಯಿಲೆಗೆ ಒಂದು ಕಡೆ ಹೂಂ, ಇನ್ನೊಂದು ಕಡೆ ಊಹೂಂ. ಸಿಕ್ಕವರಿಗೆ ಮೂರು ತಿಂಗಳಿಗೊಮ್ಮೆ ಅಂಕ ಏರ್ತಾನೂ ಇತ್ತು, ಉಳಿದವರು ಹಿಂದೇ. 2019ರ ಮೇನಲ್ಲಿ ಇಡೀ ದೇಶಕ್ಕೆ ಒಂದೇ ಪರಿಶೀಲನಾ ಮಂಡಳಿ ಬಂತು, ಮಾರ್ಗಸೂಚಿ ಬರವಣಿಗೆಯಲ್ಲಿ ಬಂತು. ವಿನಾಯಿತಿ ಅಂಕವನ್ನ ಸಾಮಾನ್ಯವಾಗಿ ಆ ಸುತ್ತಿನಲ್ಲಿ ಕಸಿಯಾದವರ ಮಧ್ಯದ ಅಂಕಕ್ಕಿಂತ 3 ಕಡಿಮೆಗೆ ನಿಲ್ಲಿಸಿದ್ರು. ಒಳ್ಳೇ ಕೆಲಸ, ಒಪ್ಪಬೇಕು.

ನನ್ನ ಗೆಳೆಯನ ಅಕ್ಕ ಅಲ್ಲಿ ಈ ಪಟ್ಟಿಯಲ್ಲಿದ್ದಾರೆ. ವಾರಕ್ಕೊಮ್ಮೆ ಹೊಟ್ಟೆಯ ನೀರು ತೆಗೆಸ್ಕೋಬೇಕು. ಅದೊಂದೇ ಕಾರಣಕ್ಕೆ ವಿನಾಯಿತಿಯನ್ನ ಮಾರ್ಗಸೂಚಿ ಸಾಮಾನ್ಯವಾಗಿ ಒಪ್ಪಲ್ಲ. ‘ನನ್ನ ನಂಬರ್ ನನಗಿಂತ ಆರೋಗ್ಯವಾಗಿದೆ ಕಣೋ’ ಅಂದ್ರು ಫೋನಲ್ಲಿ. ನಗ್ತಾನೇ ಅಂದ್ರು. ನನಗೆ ನಗೋಕಾಗ್ಲಿಲ್ಲ.

ಆ ನಂಬರ್ ಹೆಣ್ಣುಮಕ್ಕಳಿಗೆ ಮೊದಲಿಂದ್ಲೂ ಮೋಸ ಮಾಡಿದೆ. ಲೆಕ್ಕದಲ್ಲಿರೋ ಕ್ರಿಯಾಟಿನಿನ್ ಸ್ನಾಯುವಿನಿಂದ ಬರೋದು. ಹೆಂಗಸರಿಗೆ ಸ್ನಾಯು ಕಡಿಮೆ. ಕಿಡ್ನಿ ಗಂಡಸಿನಷ್ಟೇ ಹಾಳಾಗಿದ್ರೂ ಅಂಕ ಕಡಿಮೆ ಬರುತ್ತೆ. ಇದನ್ನ ತಿದ್ದಿ ಹೆಂಗಸರಿಗೆ 1.33 ಅಂಕ ಸೇರಿಸಿದ್ದು 2023ರ ಜುಲೈನಲ್ಲಿ. ಇಪ್ಪತ್ತೊಂದು ವರ್ಷ ಬೇಕಾಯ್ತು! ಲಿವರ್ ಕ್ಯಾನ್ಸರ್ ಗಂಡಸರಲ್ಲೇ ಹೆಚ್ಚು, ಆದ್ದರಿಂದ ವಿನಾಯಿತಿಯ ಲಾಭವೂ ಹೆಚ್ಚಾಗಿ ಆ ಕಡೆಗೇ.

ಈ 1.33 ದಾನವಾ? ಅಲ್ಲ. ತಪ್ಪು ತಕ್ಕಡಿಗೆ ಹಾಕಿದ ಬಟ್ಟು. ಮೀಸಲಾತಿ ಬಗ್ಗೆ ನಾವು ಹೇಳ್ತಾ ಬಂದಿರೋದೂ ಇದನ್ನೇ.

ಹಾಗಂತ ಕೇಳಿದವರಿಗೆಲ್ಲ ವಿನಾಯಿತಿ ಕೊಡಿ ಅನ್ನೋಕಾಗಲ್ಲ. ಇರೋ ಲಿವರ್‌ಗಳು ಲೆಕ್ಕದ್ದು. ಅಕ್ಕನಿಗೆ ಒಂದು ಅಂಕ ಏರಿದ್ರೆ ಯಾರೋ ಒಬ್ರು ಕೆಳಗೆ ಜಾರ್ತಾರೆ, ಅವರ ಮನೇಲೂ ಫೋನ್ ಕಾಯ್ತಿರ್ತಾರೆ. ಆದ್ರೆ ವಿನಾಯಿತಿ ನಿರಾಕರಿಸಲ್ಪಟ್ಟವರಲ್ಲಿ ಎಷ್ಟು ಜನ ಸತ್ರು, ಅದರಲ್ಲಿ ಹೆಂಗಸರೆಷ್ಟು, ಬಡವರೆಷ್ಟು, ಕರಿಯರೆಷ್ಟು ಅಂತ ಪ್ರತಿ ವರ್ಷ ಎಣಿಸಿ ಜನರ ಮುಂದಿಡ್ಲಿ. ಅರ್ಜಿ ಬರೆಯೋದು ಡಾಕ್ಟರ್, ಓದೋದೂ ಡಾಕ್ಟರ್. ಮಾರ್ಗಸೂಚಿ ತಿದ್ದೋ ಮೇಜಿನ ಸುತ್ತ ವಾರವಾರ ಹೊಟ್ಟೆಯ ನೀರು ತೆಗೆಸ್ಕೊಳ್ಳೋರಿಗೂ ಕುರ್ಚಿ ಹಾಕಿ.