‘ಐ’ ಪಕ್ಕದ ‘ಆ್ಯಮ್’

ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಓಣಿಯ ನಾಲ್ವರು ಗೃಹಿಣಿಯರು ನನ್ನಲ್ಲಿ ಇಂಗ್ಲಿಷ್ ಕಲಿಯಲು ಬರುತ್ತಾರೆ. ಮೊದಲ ತೊಡಕು ಯಾವುದು ಗೊತ್ತೇ? ‘ಐ ಹರ್ ಮದರ್’ ಅಂದುಬಿಡುವುದು. ದಡ್ಡತನವಲ್ಲ ಕಣ್ರೀ! ಕನ್ನಡದಲ್ಲಿ ‘ನಾನು ಇವಳ ತಾಯಿ’ ಅಂದರೆ ಮಾತು ಮುಗಿಯಿತು. ಇಂಗ್ಲಿಷಿಗೆ ನಡುವೆ ಕೊಂಡಿಯೊಂದು ಬೇಕೇಬೇಕು. ‘ಹಿ, ಶಿ, ಇಟ್’ ಬಂದರೆ ‘ಈಸ್’. ‘ವಿ, ಯು, ದೇ’ ಬಂದರೆ ‘ಆರ್’.

ಗಂಡ, ಮಕ್ಕಳ ವಿಷಯ ಇವರೆಲ್ಲ ಬೇಗ ಹೇಳಿಬಿಡುತ್ತಾರೆ. ತಮ್ಮ ವಿಷಯ ಹೇಳಿ ಅಂದರೆ ಮಾತ್ರ ಸಂಕೋಚ. ಆದರೆ ನೋಡಿ, ‘ಆ್ಯಮ್’ ಅನ್ನುವುದು ‘ಐ’ ಒಂದಕ್ಕೇ ಮೀಸಲು, ಬೇರಾರಿಗೂ ಸಲ್ಲದು. ಸಾರು ಕುದಿಯುವಷ್ಟರಲ್ಲಿ ನೀವೂ ಗಟ್ಟಿಯಾಗಿ ಹೇಳಿ: ‘ಐ ಆ್ಯಮ್ ಹರ್ ಮದರ್’, ‘ಐ ಆ್ಯಮ್ ಹ್ಯಾಪಿ’. ದಣಿದ ದಿನ ‘ಐ ಆ್ಯಮ್ ಟಯರ್ಡ್’ ಅನ್ನಿ. ಮನೆಮಂದಿ ನಕ್ಕರೆ ನಗಲಿ, ನಿಲ್ಲಿಸಬೇಡಿ.